ಉಸಿರಿನ ಬಲ ಮರಳುವವರೆಗೆ



ಕೃಷ್ಣೆಯ ನೀರನ್ನು ಎತ್ತರದ ಹೊಲಗಳಿಗೆ ಏರಿಸುವ ಏತ ನೀರಾವರಿ ಯೋಜನೆ ನಿಮ್ಮ ಊರಾದ ಮುಳವಾಡದ ಹೆಸರು ಹೊತ್ತಿದೆ. ಆಲಮಟ್ಟಿಯಲ್ಲಿ ಎಷ್ಟೇ ನೀರು ನಿಂತಿರಲಿ, ಪಂಪು ತಿರುಗದಿದ್ದರೆ ಕಾಲುವೆ ಒಣಗಿಯೇ ಇರುತ್ತದೆ. ಇದನ್ನು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಮೈಯಲ್ಲೂ ಹಾಗೆಯೇ. ಸುತ್ತ ಗಾಳಿ ಎಷ್ಟಿದ್ದರೂ ಎದೆಗೂಡಿನ ತಳದಲ್ಲಿರುವ ವಪೆ ಎಂಬ ಸ್ನಾಯು ದುಡಿಯದಿದ್ದರೆ ಉಸಿರು ಒಳಗೆ ಬರುವುದಿಲ್ಲ. ಅರಿವಳಿಕೆ ಕೊಡುವ ನಾವು ದೊಡ್ಡ ಆಪರೇಷನ್ನುಗಳಲ್ಲಿ ಈ ಪಂಪನ್ನು ಬೇಕೆಂದೇ ನಿಲ್ಲಿಸುತ್ತೇವೆ. ಅದು ಮತ್ತೆ ಪೂರ್ತಿ ಚಾಲೂ ಆಯಿತೆಂದು ಖಾತ್ರಿ ಮಾಡಿಕೊಳ್ಳುವುದು ನಮ್ಮ ಕರ್ತವ್ಯ. ಇಂದಿನ ನನ್ನ ಮಾತು ಅದರ ಬಗ್ಗೆ.

ನಿಲ್ಲಿಸುವುದೇಕೆ?

ಹೊಟ್ಟೆಯ ಸ್ನಾಯು ಬಿಗಿದುಕೊಂಡಿದ್ದರೆ ಸರ್ಜನ್ ಕೈ ಒಳಗೆ ಆಡುವುದಿಲ್ಲ. ಹಿಂದೆ ಅದನ್ನು ಸಡಿಲಿಸಲು ಈಥರನ್ನು ಅಪಾಯ ಮುಟ್ಟುವಷ್ಟು ಕೊಡಬೇಕಾಗುತ್ತಿತ್ತು. 1942ರ ಜನವರಿ 23ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಎಂಬ ವೈದ್ಯರು ಅಪೆಂಡಿಕ್ಸ್ ಆಪರೇಷನ್ನಿನಲ್ಲಿ ಕ್ಯುರಾರೆ ಬಳಸಿದರು. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ಮೊನೆಗೆ ಹಚ್ಚುತ್ತಿದ್ದ ವಿಷ ಅದು. ಇಂದಿನ ವೆಕ್ಯುರೋನಿಯಂ, ರೋಕ್ಯುರೋನಿಯಂ, ಅಟ್ರಾಕ್ಯುರಿಯಂ ಅದೇ ದಾರಿಯವು. ಇವು ನಿದ್ದೆ ತರಿಸುವುದಿಲ್ಲ, ನೋವನ್ನೂ ಕಳೆಯುವುದಿಲ್ಲ. ಅದಕ್ಕೆ ಬೇರೆ ಔಷಧಗಳಿವೆ. ಇವು ಸ್ನಾಯುವನ್ನು ಸಡಿಲಿಸುತ್ತವೆ, ಅಷ್ಟೇ. ಆ ಹೊತ್ತಿನಲ್ಲಿ ರೋಗಿಯ ಪರವಾಗಿ ನಾವು ಉಸಿರಾಡಿಸುತ್ತಿರುತ್ತೇವೆ.

ಟವೆಲ್ ಹಾಕಿದ ಸೀಟು

ಸಂತೆಯ ದಿನ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದನ್ನು ನೀವೆಲ್ಲ ಕಂಡಿದ್ದೀರಿ. ಸೀಟಿನಲ್ಲಿ ಯಾರೂ ಕೂತಿಲ್ಲ, ಆದರೆ ಯಾರೂ ಕೂಡುವಂತೆಯೂ ಇಲ್ಲ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಟು ಸ್ನಾಯುವಿನ ಮೇಲಿನ ಸೀಟಿನಲ್ಲಿ ಕೂತಾಗ ಸ್ನಾಯು ಕುಗ್ಗುತ್ತದೆ. ನಮ್ಮ ಔಷಧ ಆ ಸೀಟುಗಳ ಮೇಲೆ ಟವೆಲ್ ಹಾಕುತ್ತದೆ.

ಇದನ್ನು ಬಿಡಿಸಲು ಎರಡು ದಾರಿಗಳಿವೆ. ಹಳೆಯದು ನಿಯೋಸ್ಟಿಗ್ಮಿನ್. ಅಸಿಟೈಲ್‌ಕೋಲಿನ್ನನ್ನು ಒಡೆದುಹಾಕುವ ಕಿಣ್ವವನ್ನು ಅದು ತಡೆಯುತ್ತದೆ. ಆಗ ಅಸಿಟೈಲ್‌ಕೋಲಿನ್ ಎಂಬ ಪ್ರಯಾಣಿಕರ ಸಂಖ್ಯೆ ಏರುತ್ತದೆ, ಟವೆಲ್ ಸರಿದಲ್ಲೆಲ್ಲ ಅವರು ಕೂಡುತ್ತಾರೆ. ಆದರೆ ಎಲ್ಲ ಸೀಟಿಗೂ ಟವೆಲ್ ಬಿದ್ದಿದ್ದರೆ ಎಷ್ಟು ಜನ ಬಂದರೂ ಉಪಯೋಗವಿಲ್ಲ. ಆದ್ದರಿಂದ ಸ್ನಾಯು ತಾನಾಗಿ ಚೇತರಿಸಿಕೊಳ್ಳತೊಡಗಿದ ಮೇಲೆಯೇ ಇದನ್ನು ಕೊಡಬೇಕು. ಪೂರ್ತಿ ಕೆಲಸ ಮಾಡಲು ಹತ್ತು ನಿಮಿಷದ ಆಸುಪಾಸು ಬೇಕು. ಹೃದಯದ ಬಡಿತ ಇಳಿಯದಂತೆ, ಜೊಲ್ಲು ಹೆಚ್ಚದಂತೆ ಜೊತೆಗೆ ಗ್ಲೈಕೋಪೈರೋಲೇಟ್ ಅಥವಾ ಅಟ್ರೋಪಿನ್ ಕೊಡುತ್ತೇವೆ.

ಹೊಸದು ಸುಗಮಡೆಕ್ಸ್. 2008ರಲ್ಲಿ ಯುರೋಪಿನಲ್ಲಿ, 2015ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಇದು ಟವೆಲನ್ನೇ ಮಡಚಿ ಚೀಲದೊಳಗೆ ಹಾಕಿಕೊಳ್ಳುತ್ತದೆ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಬಲ ಮರಳುತ್ತದೆ. ಆದರೆ ಅದರ ಚೀಲಕ್ಕೆ ರೋಕ್ಯುರೋನಿಯಂ, ವೆಕ್ಯುರೋನಿಯಂ ಹಿಡಿಸುತ್ತವೆ, ಅಟ್ರಾಕ್ಯುರಿಯಂ ಹಿಡಿಸುವುದಿಲ್ಲ.

ಕಣ್ಣು ಬಿಟ್ಟರೆ ಸಾಲದು

ಆಪರೇಷನ್ ಮುಗಿದು ರೋಗಿ ಕಣ್ಣು ಬಿಟ್ಟ, ಹೆಸರು ಹೇಳಿದ ಎಂದರೆ ಮನೆಯವರಿಗೆ ಜೀವ ಬಂದಂತಾಗುತ್ತದೆ. ಆದರೆ ಮೊದಲು ಚೇತರಿಸಿಕೊಳ್ಳುವುದು ವಪೆ. ಗಂಟಲಿನ ಸ್ನಾಯುಗಳು ತಡವಾಗಿ. ಆ ನಡುವಿನ ಹೊತ್ತಿನಲ್ಲಿ ಜೊಲ್ಲು ಶ್ವಾಸಕೋಶಕ್ಕೆ ಇಳಿಯಬಹುದು, ಉಸಿರಿನ ದಾರಿ ಮುಚ್ಚಿಕೊಳ್ಳಬಹುದು. ಐದು ಸೆಕೆಂಡು ತಲೆ ಎತ್ತಿ ಹಿಡಿದ ರೋಗಿಯಲ್ಲೂ ಔಷಧ ಉಳಿದಿರಬಲ್ಲದು. ಕಣ್ಣಂದಾಜು ಇಲ್ಲಿ ನಡೆಯದು.

1970ರಲ್ಲಿ ಬಂದ ಅಳತೆಯೊಂದಿದೆ. ಮಣಿಕಟ್ಟಿನ ನರಕ್ಕೆ ಎರಡು ಸೆಕೆಂಡಿನಲ್ಲಿ ನಾಲ್ಕು ಸಣ್ಣ ವಿದ್ಯುತ್ ಮಿಡಿತ ಕೊಟ್ಟು, ಹೆಬ್ಬೆರಳಿನ ನಾಲ್ಕನೆಯ ಕುಗ್ಗುವಿಕೆಯನ್ನು ಮೊದಲನೆಯದರೊಂದಿಗೆ ಹೋಲಿಸುವುದು. ನಾಲ್ಕನೆಯದು ಮೊದಲಿನದರ ಕನಿಷ್ಠ ಶೇಕಡಾ 90 ಇದ್ದರೆ ಮಾತ್ರ ಉಸಿರಿನ ನಳಿಕೆ ತೆಗೆಯಬೇಕು. ಇದನ್ನು ಯಂತ್ರದಿಂದಲೇ ಅಳೆಯಬೇಕೆಂದು ಅಮೆರಿಕದ ಅರಿವಳಿಕೆ ತಜ್ಞರ ಸಂಘ 2023ರಲ್ಲಿ ಶಿಫಾರಸು ಮಾಡಿತು. ಬಿ.ಪಿ. ನೋಡದೆ ಯಾರೂ ಆಪರೇಷನ್ ಮಾಡುವುದಿಲ್ಲ. ಈ ಅಳತೆಯೂ ಜಿಲ್ಲೆ, ತಾಲೂಕು ಆಸ್ಪತ್ರೆಗಳಲ್ಲಿ ಅಷ್ಟೇ ಸಹಜವಾಗಬೇಕೆಂಬುದು ನನ್ನ ಗಟ್ಟಿ ನಿಲುವು.

ಹೊಲದಲ್ಲಿ ಅದೇ ಟವೆಲ್

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ರೈತರು ಕರೆಂಟು ಬಂದಾಗ, ನಡುರಾತ್ರಿಯಾದರೂ, ನೀರು ಹಾಯಿಸಲು ಹೋಗುತ್ತಾರೆ. ಅಲ್ಲಿ ಹಾವು ಕಡಿಯುವ ಭಯವಿದೆ. ನಾಗರಹಾವಿನ ವಿಷವೂ ಸ್ನಾಯುವಿನ ಸೀಟಿನ ಮೇಲೆ ಟವೆಲ್ ಹಾಕುತ್ತದೆ. ಆದ್ದರಿಂದ ನಮ್ಮ ಆಪರೇಷನ್ ಕೋಣೆಯ ನಿಯೋಸ್ಟಿಗ್ಮಿನ್, ಅಟ್ರೋಪಿನ್‌ಗಳು ಹಾವಿನ ವಿಷದ ಪ್ರತಿವಿಷದ ಜೊತೆಗೆ ಅಲ್ಲಿಯೂ ನೆರವಾಗಬಲ್ಲವು. ಕಟ್ಟುಹಾವಿನದು ಬೇರೆ ಬಗೆ: ಅದರ ವಿಷ ನರದ ತುದಿಯನ್ನೇ ಕೆಡಿಸುತ್ತದೆ, ಪ್ರಯಾಣಿಕರೇ ಊರು ಬಿಟ್ಟು ಹೊರಡುವುದಿಲ್ಲ. ಅಲ್ಲಿ ನಿಯೋಸ್ಟಿಗ್ಮಿನ್ ಸಾಮಾನ್ಯವಾಗಿ ಫಲ ಕೊಡದು. ಎಷ್ಟೋ ಸಲ ದಿನಗಟ್ಟಲೆ ವೆಂಟಿಲೇಟರ್ ಬೇಕಾಗುತ್ತದೆ. ರೆಪ್ಪೆ ಜೋತುಬಿದ್ದು, ಮಾತು ತೊದಲಿದರೆ ಉಸಿರು ಸೋಲುವ ಮುನ್ಸೂಚನೆ ಅದು. ದೇಶದಲ್ಲಿ 2000ರಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತರೆಂದು ಅಂದಾಜು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು.

ಹೇಳಲೇಬೇಕಾದ ಮಾತು

ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಎಂಬ ಇನ್ನೊಂದು ಔಷಧವನ್ನು ರಕ್ತದಲ್ಲಿರುವ ಒಂದು ಕಿಣ್ವ ಕೆಲವೇ ನಿಮಿಷಗಳಲ್ಲಿ ಒಡೆಯುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಆ ಕಿಣ್ವ ಕಡಿಮೆ. ಅವರಲ್ಲಿ ಗಂಟೆಗಟ್ಟಲೆ ಉಸಿರು ಮರಳದು. ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಈ ಕೊರತೆ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಇದು ರೋಗವಲ್ಲ, ದಿನದ ಬದುಕಿಗೆ ಇದರಿಂದ ತೊಂದರೆಯಿಲ್ಲ. ಮೊದಲೇ ಗೊತ್ತಿದ್ದರೆ ಆ ಔಷಧವನ್ನು ಬಿಡಬಹುದು. ದ್ರಾಕ್ಷಿಗೆ, ತೊಗರಿಗೆ ಹೊಡೆಯುವ ಕೆಲವು ಕೀಟನಾಶಕಗಳೂ ಇದೇ ಕಿಣ್ವವನ್ನು ಕುಂದಿಸುತ್ತವೆ.

ಆದ್ದರಿಂದ ಕೇಳಿಕೊಳ್ಳುತ್ತೇನೆ: ಆಪರೇಷನ್ನಿಗೆ ಹೋಗುವಾಗ ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯ ನಂತರ ಉಸಿರು ತಡವಾಗಿ ಬಂದಿತ್ತೇ ಎಂದು ಹಿರಿಯರನ್ನು ಕೇಳಿ, ಡಾಕ್ಟರಿಗೆ ತಿಳಿಸಿ. ಇತ್ತೀಚೆಗೆ ಬೆಳೆಗೆ ಕೀಟನಾಶಕ ಹೊಡೆದಿದ್ದರೆ ಅದನ್ನೂ ಹೇಳಿ. ಹಾವು ಕಡಿದರೆ ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ, ಮಂತ್ರಕ್ಕಾಗಿ ಹೊತ್ತು ಕಳೆಯಬೇಡಿ. ನಡೆಸದೆ, ಕೈಕಾಲು ಅಲುಗಿಸದೆ 108 ಕರೆದು ಆಸ್ಪತ್ರೆಗೆ ತನ್ನಿ. ಉಸಿರು ನಿಲ್ಲುವ ಮೊದಲೇ ರೋಗಿ ನಮ್ಮ ಕೈಗೆ ಬಂದರೆ, ಬಲ ಮರಳುವವರೆಗೆ ಅವನ ಉಸಿರನ್ನು ನಾವು ನಡೆಸಬಲ್ಲೆವು.