ದಂತಮಂದಿರದ ಬಾಗಿಲಲ್ಲಿ

ಸಿಂಹಳದ್ವೀಪದ ಕ್ಯಾಂಡಿ ನಗರದಲ್ಲಿ ಬುದ್ಧದೇವನ ದಂತಧಾತುವನ್ನಿರಿಸಿರುವ ದೇವಾಲಯವು ಲೋಕಪ್ರಸಿದ್ಧವಾದುದು. ಅಲ್ಲಿಯವರು ಅದನ್ನು 'ದಳದಾ ಮಾಳಿಗಾವ' ಎನ್ನುವರು. ಮಾಳಿಗೆಯೆಂದೊಡನೆ ನಾವು ಉಪ್ಪರಿಗೆಯನ್ನು ನೆನೆಯುತ್ತೇವೆ. ಅವರ ಮಾತಿನಲ್ಲಿ ಅದು ಅರಮನೆ. ನಾಲ್ಕನೆಯ ಶತಮಾನದಲ್ಲಿ ಕಳಿಂಗದ ರಾಜಪುತ್ರಿ ಹೇಮಮಾಲೆಯು ಈ ದಂತವನ್ನು ತನ್ನ ಕೇಶಪಾಶದಲ್ಲಿ ಅಡಗಿಸಿಕೊಂಡು, ಪತಿಯಾದ ದಂತಕುಮಾರನೊಡನೆ ಕಡಲನ್ನು ದಾಟಿ ತಂದಳೆಂದು ಐತಿಹ್ಯ. ದಂತವು ಯಾರ ವಶದಲ್ಲಿರುವುದೋ ಅವರೇ ರಾಜ್ಯಕ್ಕೆ ಅರ್ಹರೆಂಬ ನಂಬಿಕೆಯೂ ಅಲ್ಲಿ ಬೆಳೆಯಿತು. 1815ರಲ್ಲಿ ಕ್ಯಾಂಡಿಯ ರಾಜ್ಯವು ಆಂಗ್ಲರ ಕೈಸೇರಿತು. ಆದರೆ ದಿನಕ್ಕೆ ಮೂರು ಬಾರಿಯ ಪೂಜೆಯು ಇಂದಿಗೂ ನಡೆದಿದೆ.

ನಾನು ಅಲ್ಲಿಗೆ ಹೋದುದು ಸಂಜೆಯ ಪೂಜೆಯ ಹೊತ್ತಿಗೆ. ಪಾದರಕ್ಷೆಗಳನ್ನು ಬಿಟ್ಟು ನಾಲ್ಕು ಹೆಜ್ಜೆ ನಡೆದಿದ್ದೆನಷ್ಟೆ. ವೃದ್ಧೆಯೊಬ್ಬಳು ಕೈಯೆತ್ತಿ, "ಮಹತ್ಮಯಾ!" ಎಂದು ಕರೆದಳು. ನನ್ನಲ್ಲಿ ಆಕೆಯು ಯಾವ ಮಹಾತ್ಮ್ಯವನ್ನು ಕಂಡಳೋ ಎಂದು ಒಳಗೊಳಗೇ ಹಿಗ್ಗಿದೆನು. ಮರುಕ್ಷಣವೇ ಆಕೆಯು, "ಮಲ್, ಮಲ್" ಎಂದಳು. ನಾನು ಬೆಚ್ಚಿ, ಬರಿಗಾಲನ್ನೆತ್ತಿ ಅಂಗಾಲನ್ನು ನೋಡಿಕೊಂಡೆನು! ಅಲ್ಲೇನೂ ಇರಲಿಲ್ಲ. ಆಕೆಯು ತಾವರೆಗಳಿದ್ದ ತಟ್ಟೆಯನ್ನು ಮುಂದೊಡ್ಡಿ ಮತ್ತೆ ಅದನ್ನೇ ಹೇಳಿದಳು. ಹೂವಿಗೆ ಮೈಲಿಗೆಯಾಗಿದೆಯೆಂದು ಬಗೆದು, ಮುಖವನ್ನು ಸಿಂಡರಿಸಿ ಮುಂದೆ ನಡೆದೆನು. ಆಕೆಯ ಮುಖವು ಬಾಡಿತು.

ಜೊತೆಯಲ್ಲಿದ್ದ ಸಿಂಹಳದ ಉಪಾಧ್ಯಾಯರಿಗೆ ಇದನ್ನು ಹೇಳಿದೆನು. ಅವರು ಕೇಳುತ್ತ "ಹರಿ, ಹರಿ" ಎಂದರು. ಸಮೀಪದಲ್ಲಿಯೇ ವಿಷ್ಣುವಿನ ದೇವಾಲಯವೂ ಇರುವುದರಿಂದ, ಇವರು ಹರಿಭಕ್ತರಿರಬೇಕೆಂದು ನಾನೂ ಕೈಮುಗಿದೆನು. ಅವರಿಗೆ ನಗುವನ್ನು ತಡೆಯಲಾಗಲಿಲ್ಲ. 'ಹರಿ' ಎಂದರೆ 'ಸರಿ' ಎಂದಂತೆ. 'ಮಹತ್ಮಯಾ' ಎಂಬುದು ಎಲ್ಲ ಗಂಡಸರಿಗೂ ಸಲ್ಲುವ 'ಅಯ್ಯಾ'. 'ಮಲ್' ಎಂದರೆ ಹೂವು! ಸಿಂಹಳವು ಆರ್ಯಭಾಷೆಗಳ ವರ್ಗಕ್ಕೆ ಸೇರಿದುದು. ಹಳೆಯ ದೀರ್ಘಸ್ವರಗಳು ಅದರಲ್ಲಿ ಹ್ರಸ್ವವಾದುವು. ನಮ್ಮ 'ಮಾಲೆ'ಯೇ ಅವರಲ್ಲಿ 'ಮಲ್' ಆಗಿ ಉಳಿದಿದೆ.

ಬುದ್ಧನಿಗೆಂದು ಮುಂದೊಡ್ಡಿದ ಹೂವಿಗೆ ನಾನು ಮುಖ ಸಿಂಡರಿಸಿದ್ದೆನು. ಆ ಮುದುಕಿಯು ಏನೆಂದುಕೊಂಡಳೋ! ಒಡನೆಯೇ ಹಿಂದಿರುಗಿ ಹೋಗಿ, ತಟ್ಟೆಯನ್ನು ಎರಡು ಕೈಗಳಿಂದಲೂ ತೆಗೆದುಕೊಂಡೆನು. ಉಪಾಧ್ಯಾಯರು ನಡೆದುದನ್ನು ಆಕೆಗೆ ವಿವರಿಸಿದರು. ಅಂಗಾಲಿನ ಸಂಗತಿಯು ಬಂದಾಗ ಆಕೆಯು ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. ನಾನು ಕಲಿತ ಮಾತಿನಲ್ಲಿ "ಸ್ತೂತಿಯಿ" ಎಂದು ವಂದನೆಯನ್ನು ಹೇಳಿದೆನು. ಅದು ನಮ್ಮ 'ಸ್ತುತಿ'ಯೇ ಆದುದರಿಂದ ನಾಲಗೆಯು ತಪ್ಪಲಿಲ್ಲ. ಮದ್ದಳೆಗಳು ಮೊಳಗುತ್ತಿದ್ದುವು. ಮೇಲಂತಸ್ತಿಗೆ ಹೋಗಿ, ದಂತದ ಕರಂಡಕವಿರುವ ಗರ್ಭಗೃಹದ ಮುಂದೆ ಆ ತಾವರೆಗಳನ್ನು ಇಟ್ಟು ನಮಸ್ಕರಿಸಿದೆನು.

ಮರುದಿನ ಬೆಳಿಗ್ಗೆ ಬಿಡಾರದಲ್ಲಿ 'ಕಿರಿಬತ್' ಬಡಿಸುವೆವೆಂದರು. ಕಿರಿದಾದ ಊಟವಿರಬೇಕೆಂದು ಹೊಟ್ಟೆಯು ಅಂಜಿತಾದರೂ, ಈ ಸಲ ಮೊದಲು ಅರ್ಥವನ್ನು ವಿಚಾರಿಸಿದೆನು. ಕ್ಷೀರವೇ 'ಕಿರಿ', ಅನ್ನವೆಂಬ ಅರ್ಥದ 'ಭಕ್ತ'ವೇ 'ಬತ್'. ತೆಂಗಿನಹಾಲಿನಲ್ಲಿ ಬೆಂದ ಆ ಅನ್ನವನ್ನು ಎರಡು ಸಲ ಬಡಿಸಿಕೊಂಡು ಉಂಡೆನು.