ಮೊಣಕಾಲನ್ನು ಯಾವ ಲೆಕ್ಕಕ್ಕೆ ಬರೀತೀರಿ?



ಬೆಲೆ, ಸಾಲ ಅಂತ ದಿನಾ ಮಾತಾಡ್ತೀವಿ. ಇವತ್ತು ಕುಡಿಯೋ ನೀರಿನ ಮಾತು. ಅದೂ ಸಾಲದ ಮಾತೇ.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಹಿಂದಿನವರು ಕೆರೆ ಕಟ್ಟಿದರು, ನೀರುಗಂಟಿ ತೂಬು ಕಾಯುತ್ತಿದ್ದ. ಕೆರೆಗೆ ಹೂಳು ತುಂಬಿತು, ಬೋರ್‌ವೆಲ್ ಬಂತು. ಸಾವಿರ ಅಡಿ ಕೊರೆಸಿದರೂ ಬರೀ ಧೂಳು ಬರುವುದುಂಟು. ಲಾರಿಯವನಿಗೆ ಮಾತ್ರ ಅಡಿ ಲೆಕ್ಕದಲ್ಲಿ ದುಡ್ಡು ಎಣಿಸಲೇಬೇಕು. ನೀರು ಬಿತ್ತು ಅನ್ನಿ, ಬಂಡೆಯೊಳಗೆ ಬಹುಕಾಲ ನಿಂತ ಆ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಬೇರೆ ನೀರಿಲ್ಲದ ಕಡೆಯೂ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ್ದನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಕಾಯಿಸಿದರೆ ಹೋಗಲ್ಲ ತಾಯಂದಿರೇ, ನೀರು ಆವಿಯಾದಷ್ಟೂ ಅದು ಹೆಚ್ಚುತ್ತೆ ಅಷ್ಟೆ.

ಬಗ್ಗಲಾಗದವರು ಕಳೆ ಕೀಳೋದು ಹೇಗೆ? ಕೂಲಿ ಹೋಯ್ತು, ಮಾತ್ರೆಗೆ ಕೈಸಾಲ ಬಂತು. ರಾಗಿಯ ಬೆಂಬಲ ಬೆಲೆ ಲೆಕ್ಕ ಹಾಕುವವರು ಬೀಜ, ಗೊಬ್ಬರ, ಮನೆಮಂದಿಯ ದುಡಿಮೆ ಎಲ್ಲಾ ಬರೆದುಕೊಳ್ತಾರೆ. ಬಿಗಿದುಹೋದ ಮೊಣಕಾಲನ್ನು ಎಲ್ಲಿ ಬರೀತೀರಿ ಸ್ವಾಮಿ? ಟೊಮ್ಯಾಟೊಗಂತೂ ಬೆಂಬಲ ಬೆಲೆಯೇ ಇಲ್ಲ.

ಶುದ್ಧ ನೀರಿನ ಘಟಕ ಕೊಟ್ಟಿದ್ದೇವಲ್ಲ ಅಂತಾರೆ. ಕೊಟ್ಟಿದ್ದಾರೆ, ಇಲ್ಲ ಅನ್ನಲ್ಲ. ಮೋಟಾರು ಸುಟ್ಟ ದಿನ ಯಾರನ್ನು ಕೇಳಬೇಕು?

ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಮಳೆ ಬಿಟ್ಟು ಸೂರಿನ ನೀರು ಹಿಡಿದಿಡಿ. ಅದನ್ನು ಕಾಯಿಸಿ ಕುಡಿಯಿರಿ, ಅಡುಗೆಗೂ ಬಳಸಿ. ಪಂಚಾಯ್ತಿಗೆ ಹೋಗಿ ನಿಮ್ಮೂರ ಬೋರಿನ ನೀರಿನ ಪರೀಕ್ಷೆ ಏನಾಯ್ತು ಅಂತ ಕೇಳಿ. ಬಾಯಿಮಾತು ಬೇಡ, ಕಾಗದದಲ್ಲಿ ಬರೆಸಿಕೊಳ್ಳಿ. ಗ್ರಾಮಸಭೆಗೆ ಆ ಕಾಗದ ಹಿಡಿದೇ ಬನ್ನಿ. ಹೆಂಗಸರು ಮುಂದೆ ಕೂರಲಿ, ಕೊಡ ಹೊರುವವರು ಅವರೇ.