ಮಲೆನಾಡಿನಲ್ಲಿ ಭಾರವೆತ್ತುವ ಹಳೆಯ ಯಂತ್ರಗಳು



ಆಲೂರಿನಿಂದ ಹೊರಟು ಬಾಳ್ಳುಪೇಟೆ, ಸಕಲೇಶಪುರಗಳನ್ನು ಹಾಯ್ದು ಘಟ್ಟದ ಅಂಚಿನವರೆಗೆ ಪ್ರಯಾಣಮಾಡುವವರ ಕಣ್ಣಿಗೆ ಈ ಸೀಮೆಯು ಕಾಫಿ, ಏಲಕ್ಕಿ, ಮಳೆಗಳ ನಾಡಾಗಿ ತೋರುವುದು ಸಹಜ. ಆದರೆ ಈ ಗುಡ್ಡಗಳಲ್ಲಿ ಮನುಷ್ಯನು ಎತ್ತಿ ನಿಲ್ಲಿಸಿರುವ ಭಾರವೂ ಅಲ್ಪವಾದುದಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ, 1979ರಲ್ಲಿ ತೆರೆದ ರೈಲುಮಾರ್ಗದಲ್ಲಿ 57 ಸುರಂಗಗಳೂ ನೂರಕ್ಕೆ ಮಿಕ್ಕ ಸೇತುವೆಗಳೂ ಇವೆ. ಎತ್ತಿನಹೊಳೆಯ ನೀರನ್ನು ಮೇಲೆತ್ತಿ ಪೂರ್ವಕ್ಕೆ ಹರಿಸುವ ಯೋಜನೆಯ ಮೊದಲ ಹಂತವು 2024ರಲ್ಲಿ ಆರಂಭವಾಯಿತು. ಇಂತಹ ದೊಡ್ಡ ಕೆಲಸಗಳಿಗೆ ಇಂಜಿನಿಯರುಗಳುಂಟು, ದಾಖಲೆಗಳುಂಟು. ನಾವು ಈ ಹೊತ್ತು ಹೇಳಬೇಕೆಂದಿರುವುದು ಚಿಕ್ಕ ಕೆಲಸಗಳ ಮಾತು: ತೋಟದ ಗೋದಾಮು, ಹಳ್ಳದ ಮೇಲಣ ಸಣ್ಣ ಸೇತುವೆ, ರಿಂಗು ಇಳಿಸುವ ಬಾವಿ, ಎರಡಂತಸ್ತಿನ ಮನೆ. ಅಲ್ಲಿ ಭಾರವನ್ನೆತ್ತುವುದು ಮೇಸ್ತ್ರಿಯು ಎಲ್ಲಿಂದಲೋ ಹಳೆಯದಾಗಿ ಕೊಂಡು ತಂದ ಚೈನ್ ಪುಲ್ಲಿ, ಮೂರು ಕಾಲಿನ ಕಂಬ, ಇಲ್ಲವೆ ತುಕ್ಕು ಹಿಡಿದ ವಿಂಚು.

ಯಂತ್ರವು ಹಳೆಯದಾಯಿತೆಂಬುದೊಂದೇ ದೋಷವಲ್ಲ. ಚೆನ್ನಾಗಿ ನೋಡಿಕೊಂಡ ಹಳೆಯ ವಿಂಚು, ಅಜಾಗರೂಕತೆಯಿಂದ ಬಳಸಿದ ಹೊಸದಕ್ಕಿಂತ ಮೇಲು. ತೊಂದರೆ ಇರುವುದು ಬೇರೆಡೆ. ಯಂತ್ರವು ಕೈಯಿಂದ ಕೈಗೆ ಮಾರಾಟವಾಗುತ್ತ ಘಟ್ಟ ಹತ್ತಿ ಬರುತ್ತದೆ. ಅದರ ಚರಿತ್ರೆ ಮಾತ್ರ ಅದರೊಡನೆ ಬರುವುದಿಲ್ಲ. ಅದು ಎಷ್ಟು ಭಾರಕ್ಕೆಂದು ಮಾಡಿದ್ದು, ಯಾವಾಗ ಒಮ್ಮೆ ಬಿದ್ದಿತ್ತು, ಹಗ್ಗವನ್ನು ಬದಲಾಯಿಸಿ ಎಷ್ಟು ಕಾಲವಾಯಿತು ಎಂಬುದನ್ನು ಹೇಳುವವರೇ ಇಲ್ಲ. ಸುರಕ್ಷಿತ ಭಾರವನ್ನು ಕೆತ್ತಿದ ತಗಡು ಹೊಸ ಬಣ್ಣದ ಕೆಳಗೆ ಮುಚ್ಚಿಹೋಗಿರುತ್ತದೆ. ಬಣ್ಣವು ಬಿರುಕನ್ನೂ ಮುಚ್ಚುತ್ತದೆಂಬುದನ್ನು ಕೊಳ್ಳುವವರು ನೆನೆಯಬೇಕು.

ಇನ್ನು ನಮ್ಮ ಮಳೆ. ಉಕ್ಕಿನ ಹಗ್ಗದ ನಡುವೆ ಅನೇಕ ವೇಳೆ ಒಂದು ನಾರಿನ ಎಳೆಯಿರುತ್ತದೆ. ಕಾರ್ಖಾನೆಯಲ್ಲಿ ಅದಕ್ಕೆ ಎಣ್ಣೆಯನ್ನು ಕುಡಿಸಿರುತ್ತಾರೆ. ಆ ಎಣ್ಣೆ ಆರಿದ ಮೇಲೆ ಅದು ಆಷಾಢದ ನೀರನ್ನು ಕುಡಿಯತೊಡಗುತ್ತದೆ. ಹೊರಗೆ ಹೊಳೆಯುವ ಹಗ್ಗವು ಒಳಗಿನಿಂದ ತುಕ್ಕು ತಿನ್ನುತ್ತದೆ. ಸುರುಳಿಗಳ ಸಂದಿನಿಂದ ಕೆಂಪು ಪುಡಿ ಉದುರಿದರೆ, ಅಥವಾ ಹಗ್ಗವು ಒಂದೆಡೆ ಸಣ್ಣಗಾದಂತೆ ಕಂಡರೆ, ಮೇಲೆ ಗ್ರೀಸು ಬಳಿದು ಪ್ರಯೋಜನವಿಲ್ಲ. 1998ರ ಕೇಂದ್ರ ನಿಯಮಗಳು ಇದಕ್ಕೊಂದು ಅಳತೆಯನ್ನು ಕೊಟ್ಟವು: ಹಗ್ಗದ ದಪ್ಪದ ಎಂಟರಷ್ಟು ಉದ್ದದಲ್ಲಿ, ಕಣ್ಣಿಗೆ ಕಾಣುವ ತುಂಡಾದ ತಂತಿಗಳು ಒಟ್ಟು ತಂತಿಗಳ ಶೇಕಡಾ 10ನ್ನು ಮೀರಿದರೆ ಆ ಹಗ್ಗ ಕೂಡದು. 16 ಮಿಲಿಮೀಟರ್ ದಪ್ಪದ, 114 ತಂತಿಗಳ ಹಗ್ಗದಲ್ಲಿ ಹೇಳುವುದಾದರೆ, 128 ಮಿಲಿಮೀಟರ್ ಉದ್ದದೊಳಗೆ ಹನ್ನೆರಡು ತಂತಿ ಮುರಿದಿದ್ದರೆ ಅದರ ಆಯುಸ್ಸು ತೀರಿತು. ಎಣಿಸಲು ಒಂದು ಚಿಂದಿ ಬಟ್ಟೆ ಸಾಕು. ಹಗ್ಗದ ಮೇಲೆ ಎಳೆದರೆ ಮುರಿದ ತಂತಿ ನೂಲನ್ನು ಹಿಡಿದುಕೊಳ್ಳುತ್ತದೆ. ಬರಿಗೈ ಬೇಡ.

ಅದೇ ನಿಯಮಗಳು ಭಾರವೆತ್ತುವ ಯಂತ್ರವನ್ನು ಮೊದಲು ಬಳಸುವ ಮುನ್ನವೂ ತರುವಾಯ ಐದು ವರ್ಷಕ್ಕೊಮ್ಮೆಯಾದರೂ ಭಾರವಿಟ್ಟು ಪರೀಕ್ಷಿಸಬೇಕೆಂದೂ, ವರ್ಷಕ್ಕೊಮ್ಮೆ ಅರ್ಹನಾದ ಪರೀಕ್ಷಕನು ಕೂಲಂಕಷವಾಗಿ ನೋಡಬೇಕೆಂದೂ ವಿಧಿಸಿದವು. ಎರಡು ಟನ್ನಿನ ಕ್ರೇನಿಗೆ ಎರಡೂವರೆ ಟನ್ನಿನ ಪರೀಕ್ಷೆ. ವಿಧಿ ಒಳ್ಳೆಯದೇ. ಆದರೆ ಇವಕ್ಕೆ ಆಧಾರವಾದ 1996ರ ಶಾಸನವು ಹತ್ತು ಅಥವಾ ಹೆಚ್ಚು ಮಂದಿ ಕೆಲಸಗಾರರಿರುವ ಕಾಮಗಾರಿಗಳನ್ನೇ ಉದ್ದೇಶಿಸಿತ್ತು. 2020ರ ಸಂಹಿತೆಯೂ ಆ ಹತ್ತರ ಎಣಿಕೆಯನ್ನು ಉಳಿಸಿಕೊಂಡಿತು. ನಮ್ಮ ಗುಡ್ಡಗಳಲ್ಲಿ ಮೇಸ್ತ್ರಿಯೂ ಸೇರಿ ಆರೇಳು ಮಂದಿಯಿಂದ ನಡೆಯುವ ಕೆಲಸಗಳೆಷ್ಟು! ಹತ್ತನೆಯವನಿಲ್ಲದ ಮಾತ್ರಕ್ಕೆ ತೊಲೆಯ ತೂಕ ಕಡಿಮೆಯಾಗುವುದಿಲ್ಲ. ಇನ್ಸ್ಪೆಕ್ಟರನು ಬಾರದ ಕಡೆ ತೋಟದ ಯಜಮಾನರೂ ಮೇಸ್ತ್ರಿಗಳೂ ಆ ನಿಯಮವನ್ನು ತಾವಾಗಿಯೇ ಹಾಕಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಹಾಸನದಿಂದ ಪರೀಕ್ಷಕನನ್ನು ಕರೆಸುವ ಖರ್ಚು ಕೆಲಸದ ಖರ್ಚಿನಲ್ಲಿಯೇ ಸೇರಬೇಕು. ಕೂಲಿಯವನ ತಲೆಯ ಮೇಲೆ ಬೀಳಬಾರದು.

ಸರಪಣಿಯ ವಿಷಯದಲ್ಲಿ ಒಂದು ಹಳೆಯ ವಾಡಿಕೆಯನ್ನು ಬಿಡಬೇಕಾಗಿದೆ. ಹಿಂದೆ ಮೆದುಕಬ್ಬಿಣದ ಸರಪಣಿಗಳನ್ನು ಆಗಾಗ್ಗೆ ಕುಲುಮೆಯಲ್ಲಿ ಕಾಯಿಸಿ ಹದಮಾಡುತ್ತಿದ್ದರು. ಅದು ಆ ಕಬ್ಬಿಣಕ್ಕೆ ತಕ್ಕದ್ದೇ ಆಗಿತ್ತು. ಈಗಿನ ಮಿಶ್ರಲೋಹದ ಉಕ್ಕಿನ ಸರಪಣಿಯನ್ನು, ಅಂದರೆ ಕೊಂಡಿಗಳ ಮೇಲೆ 8 ಅಥವಾ 80 ಎಂದು ಅಚ್ಚಿರುವುದನ್ನು, ಹಾಗೆ ಕಾಯಿಸಿದರೆ ಅದರ ಬಲವೇ ಹೋಗುತ್ತದೆ. ಬಾಯಿ ಅಗಲವಾದ ಕೊಕ್ಕೆಯನ್ನು ಬಡಿದು ಮುಚ್ಚುವುದೂ, ಕಡಿದ ಕೊಂಡಿಯನ್ನು ವೆಲ್ಡು ಮಾಡುವುದೂ ಹಾಗೆಯೇ.

ಭಾರಕ್ಕೆ ಹಗ್ಗ ಕಟ್ಟುವ ರೀತಿಯಲ್ಲಿಯೂ ಲೆಕ್ಕವಿದೆ. ಒಂದು ಟನ್ನಿನ ತೊಲೆಯನ್ನು ಎರಡು ಹಗ್ಗಗಳಿಂದ ಎತ್ತುವಾಗ, ಅವುಗಳ ನಡುವಣ ಕೋನ 60 ಡಿಗ್ರಿಯಾದರೆ ಒಂದೊಂದರ ಮೇಲೆ ಸುಮಾರು 580 ಕಿಲೋ ಎಳೆತ. 120 ಡಿಗ್ರಿಯಾದರೆ ಒಂದೊಂದರ ಮೇಲೂ ಪೂರಾ ಒಂದು ಟನ್ನು. ಹಗ್ಗ ಗಿಡ್ಡವಾದಷ್ಟೂ ಅಪಾಯ ಹೆಚ್ಚು. ಕಂಬದ ಕಾಲುಗಳು ನೆನೆದ ಮಣ್ಣಿನಲ್ಲಿ ಇಳಿಯದಂತೆ ಅಡಿಗೆ ಹಲಗೆಯನ್ನಿಡಬೇಕು. ಹೊಸದಾಗಿ ತುಂಬಿದ ಮಣ್ಣಿನ ಅಂಚಿಗೆ ಕ್ರೇನನ್ನು ಒಯ್ಯಬಾರದು.

ಇವೆಲ್ಲಕ್ಕೂ ಯೋಗ್ಯವಾದ ದಿನವೊಂದು ಪಂಚಾಂಗದಲ್ಲಿಯೇ ಇದೆ. ಮಳೆಗಾಲವು ತಗ್ಗಿ ಕಟ್ಟಡದ ಕೆಲಸಗಳು ಮೊದಲಾಗುವ ಹೊತ್ತಿಗೆ ಆಯುಧಪೂಜೆ ಬರುತ್ತದೆ. ಅಂದು ಎಲ್ಲರೂ ಯಂತ್ರಗಳನ್ನು ತೊಳೆಯುತ್ತಾರೆ. ಆ ದಿನವೇ ಹಗ್ಗವನ್ನು ಡ್ರಮ್ಮಿನಿಂದ ಕಡೆಯ ಸುತ್ತಿನವರೆಗೂ ಬಿಚ್ಚಿ, ತಂತಿಗಳನ್ನೆಣಿಸಿ, ಕೊಕ್ಕೆಯ ಬಾಯನ್ನಳೆದು, ತಾರೀಖಿನೊಡನೆ ಒಂದು ಪುಸ್ತಕದಲ್ಲಿ ಬರೆದಿಡಲಿ. ಯಂತ್ರವನ್ನು ಮಾರಿದಾಗ ಆ ಪುಸ್ತಕವನ್ನೂ ಅದರೊಡನೆ ಕೊಡಲಿ. ಹೂವಿನ ಹಾರವನ್ನು ಆಮೇಲೆ ಏರಿಸಬಹುದು.